ಮಲೆನಾಡಿನ ಮನೆಗೆ ಕನ್ಸೋಲೋ, ಗೇಮಿಂಗ್ ಪಿಸಿಯೋ?

ಪ್ರಶ್ನೆ: ನಾನು ಮೂಡಿಗೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಶಾಲಾ ಶಿಕ್ಷಕ. ನನಗೂ ನನ್ನ ತಮ್ಮನಿಗೂ ವಿಡಿಯೊ ಗೇಮ್ ಎಂದರೆ ಬಹಳ ಇಷ್ಟ. ಇಷ್ಟು ದಿನ ಮೊಬೈಲಿನಲ್ಲೇ ಆಡುತ್ತಿದ್ದೆವು. ಈಗ 80,000 ರೂಪಾಯಿ ಕೂಡಿಸಿಟ್ಟಿದ್ದೇವೆ. ಟಿವಿಗೆ ಜೋಡಿಸಿ ಆಡುವ ಕನ್ಸೋಲ್ ಯಂತ್ರವಾದ ಪ್ಲೇಸ್ಟೇಷನ್ 5 (ಪಿಎಸ್5) ಕೊಂಡು, ಕಥೆಯಿರುವ ಹೊಸ ಆಟಗಳನ್ನು, ಅದರಲ್ಲೂ ಜಿಟಿಎ 6 ಅನ್ನು, ಮನೆಯ 43 ಇಂಚಿನ ಟಿವಿಯಲ್ಲಿ ಆಡಬೇಕೆಂಬುದು ನನ್ನ ಆಸೆ. ತಮ್ಮ ಈ ವರ್ಷ ಹಾಸನದಲ್ಲಿ ಎಂಜಿನಿಯರಿಂಗ್ ಸೇರುತ್ತಿದ್ದಾನೆ. ಗೇಮಿಂಗ್ ಪಿಸಿ ಕೊಂಡರೆ ಓದಿಗೂ ಆಗುತ್ತದೆ, ಆಟಗಳೂ ಅಗ್ಗ ಎಂಬುದು ಅವನ ವಾದ. ಮನೆಗೆ 40 ಎಂಬಿಪಿಎಸ್ ಫೈಬರ್ ಸಂಪರ್ಕವಿದೆ. ಮಳೆಗಾಲದಲ್ಲಿ ಕರೆಂಟು ದಿನಕ್ಕೆ ಹತ್ತು ಸಲ ಹೋಗಿ ಬರುತ್ತದೆ. ಯಾವುದನ್ನು ಕೊಳ್ಳಬೇಕು?

ಉತ್ತರ: ಮಾನ್ಯರೇ, ನಿಮ್ಮ ಪ್ರಶ್ನೆಯ ಅರ್ಧ ಉತ್ತರ ನಿಮ್ಮ ತಮ್ಮ ಹಾಸನಕ್ಕೆ ಹೊರಟಿದ್ದಾನೆ ಎಂಬ ಮಾತಿನಲ್ಲೇ ಇದೆ. ಹಾಸನದಲ್ಲಿ ಹದಿನೆಂಟು ವರ್ಷಗಳಿಂದ ಕಂಪ್ಯೂಟರ್ ಜೋಡಿಸುವ, ಕನ್ಸೋಲ್ ರಿಪೇರಿ ಮಾಡುವ ಕೆಲಸದಲ್ಲಿರುವ ನಾನು, 'ಓದಿಗೂ ಆಗುತ್ತದೆ' ಎಂಬ ಮಾತನ್ನು ಕೇಳದ ವಾರವಿಲ್ಲ. ಓದುವವನೂ ಯಂತ್ರವೂ ಒಂದೇ ಮನೆಯಲ್ಲಿದ್ದರೆ ಆ ಮಾತು ನೂರಕ್ಕೆ ನೂರು ನಿಜ. ಆದರೆ ನೀವು ಡೆಸ್ಕ್‌ಟಾಪ್ ಪಿಸಿಯನ್ನು ಮೂಡಿಗೆರೆಯಲ್ಲಿಟ್ಟರೆ ವಾರದ ಐದಾರು ದಿನ ಅದು ನಿಮ್ಮ ತಮ್ಮನ ಓದಿಗೆ ಒದಗುವುದಿಲ್ಲ. ಹಾಸನದ ಹಾಸ್ಟೆಲ್ಲಿಗೆ ಸಾಗಿಸಿದರೆ ನಿಮ್ಮ ಆಟಕ್ಕೆ ಒದಗುವುದಿಲ್ಲ. ಎರಡು ಊರಿನಲ್ಲಿರುವ ಇಬ್ಬರಿಗೆ ಒಂದೇ ಯಂತ್ರ ಸಾಲದು. ಆದ್ದರಿಂದ ಮೊದಲು ನಿಮ್ಮ ಮನೆಯ ಯಂತ್ರದ ಬಗ್ಗೆ ಹೇಳಿ, ನಂತರ ತಮ್ಮನ ವಿಷಯಕ್ಕೆ ಬರುತ್ತೇನೆ.

ನೀವು ಹೆಸರಿಟ್ಟು ಕೇಳಿರುವ ಆಟ ಜಿಟಿಎ 6. ಇದನ್ನು ತಯಾರಿಸುವ ರಾಕ್‌ಸ್ಟಾರ್ ಸಂಸ್ಥೆಯವರು ಮೊದಲು 2025ರಲ್ಲಿ ಬಿಡುಗಡೆ ಮಾಡುವುದಾಗಿ ಹೇಳಿದ್ದರು, ಆಮೇಲೆ 2026ರ ಮೇ 26ಕ್ಕೆ ಮುಂದೂಡಿದರು, 2025ರ ನವೆಂಬರ್‌ನಲ್ಲಿ ಹೊರಬಂದ ಪ್ರಕಟಣೆಯಲ್ಲಿ 2026ರ ನವೆಂಬರ್ 19 ಎಂದು ಮತ್ತೆ ಬದಲಿಸಿದರು. ಈ ಮೂರೂ ಸಲ ಹೆಸರಿಸಿದ್ದು ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಕನ್ಸೋಲ್‌ಗಳನ್ನು ಮಾತ್ರ; ಪಿಸಿಯ ಮಾತು ಅವುಗಳಲ್ಲಿ ಇರಲಿಲ್ಲ. ಇದೇ ಸಂಸ್ಥೆಯ ಹಿಂದಿನ ನಡೆಯೂ ಹೀಗೆಯೇ ಇತ್ತು. ಜಿಟಿಎ 5 ಕನ್ಸೋಲ್‌ಗಳಿಗೆ 2013ರ ಸೆಪ್ಟೆಂಬರ್‌ನಲ್ಲಿ ಬಂದಿತು, ಪಿಸಿಗೆ ಬಂದದ್ದು 2015ರ ಏಪ್ರಿಲ್‌ನಲ್ಲಿ. ನಡುವೆ ಹತ್ತೊಂಬತ್ತು ತಿಂಗಳು. ರೆಡ್ ಡೆಡ್ ರಿಡೆಂಪ್ಷನ್ 2 ಕನ್ಸೋಲ್‌ಗಳಿಗೆ 2018ರ ಅಕ್ಟೋಬರ್‌ನಲ್ಲಿ ಬಂದು ಪಿಸಿಗೆ ಬರಲು ಒಂದು ವರ್ಷ ಹಿಡಿಯಿತು. ಈ ಆಟವನ್ನು ಬಂದ ಹೊಸದರಲ್ಲೇ ಆಡಬೇಕೆಂಬುದು ನಿಮ್ಮ ನಿಜವಾದ ಆಸೆಯಾಗಿದ್ದರೆ, ಪಿಸಿಯನ್ನು ನಾನು ಸೂಚಿಸಲಾರೆ.

ಪ್ಲೇಸ್ಟೇಷನ್ ತಯಾರಿಸುವ ಸೋನಿ ಸಂಸ್ಥೆಯ ಸ್ವಂತ ಆಟಗಳ ವಿಷಯದಲ್ಲಿಯೂ ಕಾಯುವ ಕಷ್ಟ ಪಿಸಿಯವರ ಪಾಲಿಗೇ ಬಂದಿದೆ. ಗಾಡ್ ಆಫ್ ವಾರ್ 2018ರ ಏಪ್ರಿಲ್‌ನಲ್ಲಿ ಪಿಎಸ್4ಕ್ಕೆ ಬಂದದ್ದು ಪಿಸಿಯನ್ನು ತಲುಪಿದ್ದು 2022ರ ಜನವರಿಯಲ್ಲಿ. ಘೋಸ್ಟ್ ಆಫ್ ಸುಶಿಮಾ 2020ರಿಂದ 2024ರವರೆಗೆ ಕಾಯಿಸಿತು. ಎಕ್ಸ್‌ಬಾಕ್ಸ್‌ನ ಕಥೆ ಇದಕ್ಕೆ ತದ್ವಿರುದ್ಧ: ಮೈಕ್ರೊಸಾಫ್ಟ್ ತನ್ನ ಆಟಗಳನ್ನು ಅದೇ ದಿನ ಪಿಸಿಗೂ ಕೊಡುತ್ತದೆ, ಈಚೆಗೆ ಪಿಎಸ್5ಕ್ಕೂ ಕೊಡತೊಡಗಿದೆ. ಫೋರ್ಜಾ ಹೊರೈಜನ್ 5 ಎಂಬ ಕಾರಿನ ಆಟ 2025ರ ಏಪ್ರಿಲ್‌ನಲ್ಲಿ ಪಿಎಸ್5ಕ್ಕೆ ಬಂದಾಗ, ನಮ್ಮ ಊರಿನ ಹುಡುಗರು ಎಕ್ಸ್‌ಬಾಕ್ಸ್ ಕೊಳ್ಳಲು ಕೊಡುತ್ತಿದ್ದ ದೊಡ್ಡ ಕಾರಣವೊಂದು ಇಲ್ಲವಾಯಿತು. ನಿಮ್ಮ ಮಟ್ಟಿಗೆ ಎಕ್ಸ್‌ಬಾಕ್ಸ್ ಅನ್ನು ಲೆಕ್ಕದಿಂದ ಬಿಡಬಹುದು. ಇನ್ನು ನಿಂಟೆಂಡೊ ಸ್ವಿಚ್ 2 ಬಹಳ ಚೆಂದದ ಯಂತ್ರವೇ ಆದರೂ, ಭಾರತದಲ್ಲಿ ಆ ಸಂಸ್ಥೆಯ ಅಧಿಕೃತ ಮಾರಾಟವಿಲ್ಲದಿರುವುದರಿಂದ ಕೆಟ್ಟರೆ ಕೇಳುವವರಿಲ್ಲ.

ಹೊಸ ಆಟ ಬಂದ ದಿನವೇ ಕೊಳ್ಳಬೇಕೆ ಎಂದು ನೀವು ಕೇಳಿಲ್ಲ, ಆದರೂ ಇದನ್ನು ಹೇಳದೆ ಬಿಡಲಾರೆ. ಸೈಬರ್‌ಪಂಕ್ 2077 ಆಟ 2020ರ ಡಿಸೆಂಬರ್ 10ರಂದು ಬಿಡುಗಡೆಯಾದಾಗ ಹಳೆಯ ಕನ್ಸೋಲ್‌ಗಳಲ್ಲಿ ಅದರ ಸ್ಥಿತಿ ಎಷ್ಟು ಕೆಟ್ಟಿತ್ತೆಂದರೆ, ಸುಮಾರು ಒಂದು ವಾರದಲ್ಲಿ ಸೋನಿ ಅದನ್ನು ತನ್ನ ಆನ್‌ಲೈನ್ ಅಂಗಡಿಯಿಂದಲೇ ತೆಗೆಯಿತು; ಅದು ಮರಳಿದ್ದು 2021ರ ಜೂನ್‌ನಲ್ಲಿ. ಅದೇ ಆಟವನ್ನು ಇಂದು ಆಡಿದವರು ಹೊಗಳುತ್ತಾರೆ, ಮತ್ತು ಆ ಹೊಗಳಿಕೆಗೆ ಅದು ಯೋಗ್ಯವೂ ಆಗಿದೆ. ಪಿಸಿಯಲ್ಲಿ ಈ ತೊಂದರೆ ಇನ್ನೂ ಹೆಚ್ಚು. ದ ಲಾಸ್ಟ್ ಆಫ್ ಅಸ್ ಮೊದಲ ಭಾಗ 2023ರ ಮಾರ್ಚ್‌ನಲ್ಲಿ ಪಿಸಿಗೆ ಬಂದಾಗಲೂ, ಮಾನ್‌ಸ್ಟರ್ ಹಂಟರ್ ವೈಲ್ಡ್ಸ್ 2025ರ ಫೆಬ್ರುವರಿಯಲ್ಲಿ ಬಂದಾಗಲೂ, ಆಟದ ಚಿತ್ರ ಮೂಡಿಸುವ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇದ್ದವರೇ ಆಟ ತಡೆದು ತಡೆದು ಓಡುತ್ತದೆ ಎಂದು ದೂರಿದರು. ಇದರ ಕಾರಣ ಸರಳವಾದದ್ದು. ಪಿಎಸ್5 ಎಂದರೆ ಎಲ್ಲರ ಮನೆಯಲ್ಲೂ ಒಂದೇ ಪ್ರೊಸೆಸರ್, ಒಂದೇ 16 ಜಿಬಿ ಮೆಮೊರಿ, ಒಂದೇ ವೇಗದ ಎಸ್ಎಸ್‌ಡಿ. ಆಟ ತಯಾರಿಸುವವರು ಅದೊಂದರ ಮೇಲೆ ಪರೀಕ್ಷಿಸಿದರೆ ಸಾಕು. ಪಿಸಿ ಎಂದರೆ ಸಾವಿರ ಬಗೆಯ ಜೋಡಣೆ. ದೃಶ್ಯಗಳನ್ನು ಬಿಡಿಸುವ ಶೇಡರ್ ಎಂಬ ಸಣ್ಣ ಸಣ್ಣ ಪ್ರೋಗ್ರಾಂಗಳನ್ನು ಕನ್ಸೋಲಿಗಾದರೆ ಮೊದಲೇ ಸಿದ್ಧಪಡಿಸಿ ಕಳುಹಿಸಬಹುದು. ಪಿಸಿಯಲ್ಲಿ ಅವು ನಿಮ್ಮ ಗ್ರಾಫಿಕ್ಸ್ ಕಾರ್ಡಿಗೆ ತಕ್ಕಂತೆ ನಿಮ್ಮ ಮನೆಯಲ್ಲೇ ಸಿದ್ಧವಾಗಬೇಕು. ಆಟದ ನಡುವೆ ಆ ಕೆಲಸ ನಡೆದಾಗಲೆಲ್ಲ ಚಿತ್ರ ಒಂದು ಕ್ಷಣ ನಿಂತು ಮುಂದೆ ಹೋಗುತ್ತದೆ. ಆರು ತಿಂಗಳು ತಡೆದರೆ ಬೆಲೆ ಇಳಿದಿರುತ್ತದೆ, ದೋಷಗಳು ತಿದ್ದಿರುತ್ತವೆ. ಯಾವ ಯಂತ್ರವನ್ನೇ ಕೊಂಡರೂ ಈ ತಾಳ್ಮೆಯೊಂದನ್ನು ರೂಢಿಸಿಕೊಳ್ಳಿರೆಂದು ಕೇಳಿಕೊಳ್ಳುತ್ತೇನೆ.

ನಿಮ್ಮ ತಮ್ಮನ ವಾದವನ್ನು ನಾನು ತಳ್ಳಿಹಾಕುತ್ತಿಲ್ಲ. ಪಿಸಿಯಲ್ಲಿ ಆಟಗಳು ಅಗ್ಗ ಎಂಬುದು ನಿಜ. ಪಿಸಿ ಆಟಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್ 2015ರಿಂದ ರೂಪಾಯಿಯಲ್ಲೇ ಬೆಲೆ ಹೇಳುತ್ತಿದೆ. ಕೊಂಡು ಹದಿನಾಲ್ಕು ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಹಣ ವಾಪಸು ಕೇಳಬಹುದು. ಎಪಿಕ್ ಅಂಗಡಿ 2018ರ ಕೊನೆಯಿಂದ ಉಚಿತ ಆಟಗಳನ್ನು ಕೊಡುತ್ತ ಬಂದಿದೆ. ಸ್ನೇಹಿತರೊಂದಿಗೆ ಆನ್‌ಲೈನ್ ಆಡಲು ಪಿಸಿಯಲ್ಲಿ ಬೇರೆ ಶುಲ್ಕವಿಲ್ಲ. ಪಿಎಸ್5ನಲ್ಲಿ ಹಣ ಕೊಟ್ಟು ಕೊಂಡ ಆಟವನ್ನೂ ಆನ್‌ಲೈನ್ ಆಡಬೇಕಾದರೆ ಪಿಎಸ್ ಪ್ಲಸ್ ಚಂದಾ ಕಟ್ಟಬೇಕು. ಫೋರ್ಟ್‌ನೈಟ್‌ನಂತಹ ಉಚಿತ ಆಟಗಳಿಗೆ ಮಾತ್ರ ಆ ಚಂದಾ ಬೇಡ. ಹಾಸನದ ಹಾಸ್ಟೆಲ್‌ಗಳಲ್ಲಿ ಹುಡುಗರು ಒಟ್ಟಾಗಿ ಆಡುವುದು ವ್ಯಾಲರಂಟ್, ಕೌಂಟರ್-ಸ್ಟ್ರೈಕ್ 2 ಇಂತಹವನ್ನು. ಎರಡಕ್ಕೂ ಕಾಸು ಬೇಡ, ಕೌಂಟರ್-ಸ್ಟ್ರೈಕ್ 2 ಅಂತೂ ಕನ್ಸೋಲಿಗೆ ಬಂದೇ ಇಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಬಂದ ಹಾಲೋ ನೈಟ್: ಸಿಲ್ಕ್‌ಸಾಂಗ್ ಆಟಕ್ಕೆ ಮೊದಲ ದಿನ ಜನ ಮುಗಿಬಿದ್ದು ಆನ್‌ಲೈನ್ ಅಂಗಡಿಗಳೇ ಕೆಲಕಾಲ ಸ್ತಬ್ಧವಾದವು. ಅದು ಹತ್ತು ಜಿಬಿಗಿಂತ ಕಡಿಮೆ ಜಾಗ ಬೇಡುವ, ಸಾಧಾರಣ ಲ್ಯಾಪ್‌ಟಾಪಿನಲ್ಲೂ ಓಡುವ ಆಟ. ಹೊಸ ಆಟವೆಂದರೆ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಬೇಕೇಬೇಕು ಎಂಬ ಭಾವನೆಯನ್ನು ಬಿಟ್ಟುಬಿಡಿ.

ಆದರೆ ನಿಮಗೆ ಬೇಕಾದ ಕಥಾಪ್ರಧಾನ ದೊಡ್ಡ ಆಟಗಳಿಗೆ ಅಂತಹ ಕಾರ್ಡ್ ಬೇಕು. 2024ರ ಡಿಸೆಂಬರ್‌ನಲ್ಲಿ ಬಂದ ಇಂಡಿಯಾನಾ ಜೋನ್ಸ್ ಆಟವೂ 2025ರ ಮೇ ತಿಂಗಳಿನ ಡೂಮ್: ದ ಡಾರ್ಕ್ ಏಜಸ್ ಆಟವೂ ಬೆಳಕು ನೆರಳನ್ನು ನಿಜದಂತೆ ಮೂಡಿಸುವ ರೇ ಟ್ರೇಸಿಂಗ್ ಸೌಲಭ್ಯವಿಲ್ಲದ ಹಳೆಯ ಕಾರ್ಡುಗಳಲ್ಲಿ ತೆರೆದುಕೊಳ್ಳುವುದೇ ಇಲ್ಲ. ಕಾರ್ಡಿನಲ್ಲಿ 8 ಜಿಬಿ ಮೆಮೊರಿ ಎಂಬುದು ಈಗ ಕನಿಷ್ಠ ಮಟ್ಟ. ಐದು ವರ್ಷ ಇಟ್ಟುಕೊಳ್ಳುವ ಆಸೆಯಿದ್ದರೆ ಅದೂ ಸಾಲದು. ಇದರ ಮೇಲೆ, 2025ರ ಕೊನೆಯ ತಿಂಗಳುಗಳಿಂದ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದಾಗಿ ರ್‍ಯಾಮ್ ಬೆಲೆ ಜಗತ್ತಿನಾದ್ಯಂತ ಏರಿ, ನಾನೇ ಬರೆದುಕೊಟ್ಟ ಹಳೆಯ ಅಂದಾಜು ಪಟ್ಟಿಗಳು ಉಪಯೋಗಕ್ಕೆ ಬಾರದಂತಾದವು. ಪಿಎಸ್5 ಸ್ಲಿಮ್ 2024ರ ಏಪ್ರಿಲ್‌ನಲ್ಲಿ ಭಾರತಕ್ಕೆ ಬಂದಾಗ ಡಿಸ್ಕ್ ಡ್ರೈವ್ ಇರುವುದರ ಬೆಲೆ 54,990 ರೂಪಾಯಿ, ಇಲ್ಲದ್ದರ ಬೆಲೆ 44,990 ರೂಪಾಯಿ ಇತ್ತು. ಕೊಳ್ಳುವ ದಿನದ ದರವನ್ನು ವಿಚಾರಿಸಿಕೊಳ್ಳಿ. ಪಿಎಸ್5ಕ್ಕೆ ಸರಿಗಟ್ಟುವ ಪಿಸಿಯನ್ನು ಮಾನಿಟರ್, ಕೀಬೋರ್ಡ್, ಯುಪಿಎಸ್ ಎಲ್ಲ ಸೇರಿಸಿ 80,000ದಲ್ಲಿ ಮುಗಿಸುವುದು ಇಂದು ಬಹಳ ಬಿಗಿಯಾದ ಲೆಕ್ಕ. ಎಲ್ಲಿ ಕೈ ಬಿಗಿ ಹಿಡಿಯಬೇಕಾಗುತ್ತದೆಂದರೆ, ಸಾಮಾನ್ಯವಾಗಿ ಪವರ್ ಸಪ್ಲೈ ಡಬ್ಬಿಯಲ್ಲಿ. ಮಲೆನಾಡಿನಲ್ಲಿ ಅದೇ ಒಂದು ಜಾಗದಲ್ಲಿ ಕೈ ಬಿಗಿ ಹಿಡಿಯಬಾರದು.

ಕನ್ಸೋಲ್ ಕೊಳ್ಳುವುದಾದರೆ ಡಿಸ್ಕ್ ಡ್ರೈವ್ ಇರುವುದನ್ನೇ ಕೊಳ್ಳಿರೆಂಬುದು ನನ್ನ ದೃಢವಾದ ಸಲಹೆ. ಇದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು ನಿಮ್ಮ ಇಂಟರ್ನೆಟ್ಟು. ಇಂದಿನ ದೊಡ್ಡ ಆಟವೊಂದು ನೂರು ಜಿಬಿಯನ್ನು ಸುಲಭವಾಗಿ ಮುಟ್ಟುತ್ತದೆ. ಬಾಲ್ಡರ್ಸ್ ಗೇಟ್ 3 ಆಟ ಪಿಸಿಯಲ್ಲಿ 150 ಜಿಬಿ ಜಾಗ ಕೇಳುತ್ತದೆ. 40 ಎಂಬಿಪಿಎಸ್ ಸಂಪರ್ಕ ಪೂರ್ತಿ ವೇಗದಲ್ಲಿ ನಡೆದರೆ ನೂರು ಜಿಬಿ ಇಳಿಯಲು ಸುಮಾರು ಐದೂವರೆ ಗಂಟೆ ಬೇಕು. ಮಳೆಗೆ ಮರ ಬಿದ್ದು ಫೈಬರ್ ತುಂಡಾಗಿ, ದಿನಕ್ಕೆ ಎರಡು ಜಿಬಿ ಸಿಗುವ ಮೊಬೈಲ್ ಪ್ಯಾಕ್ ನಂಬಬೇಕಾದರೆ ಐವತ್ತು ದಿನ! ಡಿಸ್ಕ್ ಇದ್ದರೆ ಬಹುಪಾಲು ಕಥಾಪ್ರಧಾನ ಆಟಗಳ ಮುಖ್ಯ ಭಾಗ ಅದರಲ್ಲೇ ಬಂದಿರುತ್ತದೆ, ಅಪ್‌ಡೇಟ್ ಮಾತ್ರ ಇಳಿಸಿಕೊಂಡರೆ ಸಾಕು. ಎಲ್ಲ ಡಿಸ್ಕುಗಳೂ ಹಾಗಿರುವುದಿಲ್ಲ ಎಂಬ ಎಚ್ಚರ ಇರಲಿ: 2022ರ ಕಾಲ್ ಆಫ್ ಡ್ಯೂಟಿ: ಮಾಡರ್ನ್ ವಾರ್‌ಫೇರ್ 2 ಆಟದ ಪಿಎಸ್5 ಡಿಸ್ಕಿನಲ್ಲಿ ಇದ್ದದ್ದು ನೂರು ಎಂಬಿಗೂ ಕಡಿಮೆ, ಉಳಿದದ್ದನ್ನೆಲ್ಲ ಇಳಿಸಿಕೊಳ್ಳಬೇಕಿತ್ತು.

ಎರಡನೆಯ ಕಾರಣ ಹಣದ್ದು. ಹೊಸ ಆಟದ ಬೆಲೆ ಸಾಮಾನ್ಯವಾಗಿ ನಾಲ್ಕರಿಂದ ಐದು ಸಾವಿರದ ಆಸುಪಾಸಿನಲ್ಲಿರುತ್ತದೆ. ಡಿಸ್ಕನ್ನು ಆಡಿ ಮುಗಿಸಿ ಮಾರಬಹುದು, ಇನ್ನೊಬ್ಬರ ಡಿಸ್ಕಿನೊಂದಿಗೆ ಬದಲಾಯಿಸಿಕೊಳ್ಳಬಹುದು. ಆನ್‌ಲೈನ್ ಅಂಗಡಿಯಲ್ಲಿ ಕೊಂಡ ಆಟ ನಿಮ್ಮ ಖಾತೆಯಲ್ಲೇ ಉಳಿಯುತ್ತದೆ. ನನ್ನ ಅಂಗಡಿಗೆ ಬರುವ ಹಾಸನ, ಬೇಲೂರು, ಸಕಲೇಶಪುರದ ಹುಡುಗರು ಡಿಸ್ಕ್ ಬದಲಾಯಿಸಿಕೊಂಡೇ ವರ್ಷಕ್ಕೆ ಎಂಟು ಹತ್ತು ಆಟಗಳನ್ನು ಮುಗಿಸುತ್ತಾರೆ. ಪಿಸಿಯ ಅಗ್ಗದ ಸೇಲ್‌ಗೆ ಕನ್ಸೋಲಿನವರ ಉತ್ತರ ಇದೇ, ಮತ್ತು ಅದು ಸಣ್ಣ ಉತ್ತರವಲ್ಲ. ಹಳೆಯ ಪಿಎಸ್4 ಆಟಗಳೂ ಬಹುಪಾಲು ಎಲ್ಲವೂ ಪಿಎಸ್5ನಲ್ಲಿ ಓಡುವುದರಿಂದ, ಸಾವಿರ ರೂಪಾಯಿ ಆಚೀಚೆಗೆ ಸಿಗುವ ಸೆಕೆಂಡ್ ಹ್ಯಾಂಡ್ ಡಿಸ್ಕುಗಳೂ ನಿಮಗೆ ಹೊಸ ಆಟಗಳೇ. ಮೊಬೈಲಿನಿಂದ ಬರುವವರು ಎಷ್ಟು ಒಳ್ಳೆಯ ಆಟಗಳನ್ನು ಇನ್ನೂ ಆಡಿಲ್ಲ ಎಂದು ನೆನೆದಾಗ ನನಗೆ ಸಂತೋಷವೇ ಆಗುತ್ತದೆ.

ಇನ್ನು ಕರೆಂಟಿನ ವಿಷಯ. ಮಾರುವವರು ಇದನ್ನು ಹೇಳುವುದಿಲ್ಲ, ಆದರೆ ನನ್ನ ಮೇಜಿನ ಮೇಲೆ ಬಂದು ಕೂರುವ ಯಂತ್ರಗಳ ಪೈಕಿ ಹೆಚ್ಚಿನವು ಇದರಿಂದಲೇ ಬರುತ್ತವೆ. ಪಿಎಸ್5 ದೊಡ್ಡ ಆಟ ಓಡಿಸುವಾಗ ಸುಮಾರು 200 ವ್ಯಾಟ್ ಎಳೆಯುತ್ತದೆ. ನಿಮ್ಮ ಟಿವಿ ಸೇರಿದರೆ 300 ವ್ಯಾಟ್ ಎಂದಿಟ್ಟುಕೊಳ್ಳಿ. ಗೇಮಿಂಗ್ ಪಿಸಿ ಒಳಗಿನ ಕಾರ್ಡಿಗೆ ತಕ್ಕಂತೆ 250ರಿಂದ 400 ವ್ಯಾಟ್ ಎಳೆಯುತ್ತದೆ. ಅಂಗಡಿಯಲ್ಲಿ ಸಾಮಾನ್ಯವಾಗಿ ಕೊಡುವ 600 ವಿಎ ಯುಪಿಎಸ್ ಎಂದರೆ ಸುಮಾರು 360 ವ್ಯಾಟ್ ಮಾತ್ರ. ಅದರ ಮೇಲೆ 300 ವ್ಯಾಟ್ ಹೊರಿಸಿದರೆ ಹೊಸ ಬ್ಯಾಟರಿಯಿದ್ದಾಗ ಕೆಲವು ನಿಮಿಷ ನಿಲ್ಲುತ್ತದೆ, ವರ್ಷ ಕಳೆದ ಮೇಲೆ ಅದೂ ಕಷ್ಟ. 1000 ವಿಎ ಯುಪಿಎಸ್ ಕೊಂಡರೆ ಆಟ ಸೇವ್ ಮಾಡಿ ಕ್ರಮವಾಗಿ ಆಫ್ ಮಾಡುವಷ್ಟು ಸಮಯ ನೆಮ್ಮದಿಯಾಗಿ ಸಿಗುತ್ತದೆ.

ಮನೆಯಲ್ಲಿ ಇನ್ವರ್ಟರ್ ಇದ್ದರೆ ಎರಡು ಸಂಗತಿಗಳನ್ನು ನೋಡಿಕೊಳ್ಳಿ. ಒಂದು, ಅದು ಲೈನಿನ ಕರೆಂಟಿನಂತೆಯೇ ನಯವಾದ ಅಲೆ ಕೊಡುವ ಸೈನ್ ವೇವ್ ಇನ್ವರ್ಟರ್ ಆಗಿರಬೇಕು. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್ ಫ್ಯಾನು, ದೀಪಗಳಿಗೆ ಸಾಕಾದರೂ ಇಂದಿನ ಪವರ್ ಸಪ್ಲೈಗಳಿಗೆ ಒಳ್ಳೆಯದಲ್ಲ. ಇನ್ನೊಂದು, ಹಿಂಬದಿಯಲ್ಲೋ ಮುಂಬದಿಯಲ್ಲೋ ಇರುವ ಸ್ವಿಚ್ಚನ್ನು ಯುಪಿಎಸ್ ಮೋಡ್‌ನಲ್ಲಿಡಿ. ಸಾಧಾರಣ ಮೋಡ್‌ನಲ್ಲಿ ಕರೆಂಟು ಹೋಗಿ ಬ್ಯಾಟರಿಗೆ ತಿರುಗುವ ಹೊತ್ತಿಗೆ ಆಗುವ ತಡ ದೀಪಕ್ಕೆ ತಿಳಿಯುವುದಿಲ್ಲ, ಆದರೆ ಕಂಪ್ಯೂಟರ್ ಅಷ್ಟರಲ್ಲೇ ಆರಿ ಮತ್ತೆ ಶುರುವಾಗುತ್ತದೆ. ಇನ್ವರ್ಟರ್ ಕೆಟ್ಟಿದೆ ಎಂದು ದೂರಿಕೊಂಡು ಬಂದ ಎಷ್ಟೋ ಜನರ ತೊಂದರೆ ಆ ಒಂದು ಸ್ವಿಚ್ ತಿರುಗಿಸಿದ ಮೇಲೆ ಪರಿಹಾರವಾಗಿದೆ. 150 ಎಎಚ್ ಬ್ಯಾಟರಿ ಒಳ್ಳೆಯ ಸ್ಥಿತಿಯಲ್ಲಿದ್ದರೆ ಟಿವಿ ಮತ್ತು ಪಿಎಸ್5 ಎರಡನ್ನೂ ಮೂರು ನಾಲ್ಕು ಗಂಟೆ ನಡೆಸಬಲ್ಲದು, ಆದರೆ ಅಷ್ಟು ಹೊತ್ತು ಆಡಿ ರಾತ್ರಿ ಮನೆಯವರನ್ನು ಕತ್ತಲಲ್ಲಿ ಕೂರಿಸಬೇಡಿ.

ಪಿಎಸ್5ನಲ್ಲಿ ರೆಸ್ಟ್ ಮೋಡ್ ಎಂಬುದೊಂದಿದೆ. ಯಂತ್ರ ಮಲಗಿದಂತೆ ಕಂಡರೂ ಒಳಗೆ ಎಚ್ಚರವಾಗಿದ್ದು ಡೌನ್‌ಲೋಡ್ ಮುಂದುವರಿಸುತ್ತದೆ. ಆ ಸ್ಥಿತಿಯಲ್ಲಿ ಕರೆಂಟು ಹೋದರೂ ಅದು ಸರಿಯಾಗಿ ಆಫ್ ಆಗದಿದ್ದಂತೆಯೇ ಲೆಕ್ಕ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರೆಸ್ಟ್ ಮೋಡ್ ಬಳಸದೆ, ಆಟ ಮುಗಿದ ಮೇಲೆ ಪೂರ್ತಿ ಆಫ್ ಮಾಡಿ ಪ್ಲಗ್ ಕಿತ್ತಿಡುವುದನ್ನು ರೂಢಿ ಮಾಡಿಕೊಳ್ಳಿ. ಸಿಡಿಲಿನ ಕಾಲವಾದ ಏಪ್ರಿಲ್, ಮೇ ತಿಂಗಳುಗಳಲ್ಲಿ ಪ್ಲಗ್ ಕಿತ್ತರಷ್ಟೇ ಸಾಲದು, ರೌಟರಿನಿಂದ ಬರುವ ಲ್ಯಾನ್ ಕೇಬಲನ್ನೂ ಕಿತ್ತಿಡಬೇಕು. ಸಕಲೇಶಪುರದ ಹತ್ತಿರದ ಒಂದು ತೋಟದ ಮನೆಯವರು ಪ್ಲಗ್ ಕಿತ್ತು ನಿಶ್ಚಿಂತೆಯಿಂದ ಇದ್ದರು. ಸಿಡಿಲು ಲ್ಯಾನ್ ಕೇಬಲಿನ ದಾರಿಯಲ್ಲಿ ಬಂದು ಮದರ್‌ಬೋರ್ಡನ್ನು ಸುಟ್ಟಿತ್ತು. ಡೆಸ್ಕ್‌ಟಾಪ್ ಪಿಸಿಗಾದರೆ ಇನ್ನೊಂದು ಷರತ್ತು ಸೇರುತ್ತದೆ: ಮನೆಯ ಅರ್ತಿಂಗ್ ಸರಿಯಿರಬೇಕು. ಕ್ಯಾಬಿನೆಟ್ ಮುಟ್ಟಿದಾಗ ಬೆರಳು ಜುಮ್ಮೆಂದರೆ ಅರ್ತಿಂಗ್ ಇಲ್ಲವೆಂದೇ ಅರ್ಥ, ಎಲೆಕ್ಟ್ರಿಷಿಯನ್ ಕರೆಸಿದ ನಂತರವೇ ಮುಂದಿನ ಮಾತು.

ತೇವದ ಬಗ್ಗೆಯೂ ಸ್ವಲ್ಪ ಹೇಳಬೇಕು. ನಿಮ್ಮ ಕಡೆ ಮಳೆಗಾಲದಲ್ಲಿ ಕಪಾಟಿನೊಳಗಿನ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ವಾರಗಟ್ಟಲೆ ಮುಟ್ಟದೆ ಮುಚ್ಚಿಟ್ಟ ಯಂತ್ರದ ಸರ್ಕ್ಯೂಟ್ ಮೇಲೂ ಅದೇ ತೇವ ಕೂರುತ್ತದೆ. ಯಂತ್ರವನ್ನು ಪ್ಲಾಸ್ಟಿಕ್ ಹೊದಿಸಿ ಕಪಾಟಿನಲ್ಲಿಡುವುದಕ್ಕಿಂತ, ಗಾಳಿಯಾಡುವ ಕಡೆ ಇಟ್ಟು ಎರಡು ದಿನಕ್ಕೊಮ್ಮೆಯಾದರೂ ಅರ್ಧ ಗಂಟೆ ನಡೆಸುವುದು ಮೇಲು. ಬೆಚ್ಚಗಿರುವ ಕನ್ಸೋಲಿನೊಳಗೆ ಜಿರಳೆ ಸೇರಿಕೊಳ್ಳುವುದು ತುಂಬ ಸಾಮಾನ್ಯ, ಆದ್ದರಿಂದ ಅಡುಗೆಮನೆಯ ಗೋಡೆಯಿಂದ ದೂರವಿಡಿ. ರಿಪೇರಿಯ ವಿಷಯದಲ್ಲಿ ಮಾತ್ರ ಪಿಸಿಗೇ ಹೆಚ್ಚು ಅಂಕ ಕೊಡುತ್ತೇನೆ. ಅದರಲ್ಲಿ ಕೆಟ್ಟ ಭಾಗವೊಂದನ್ನೇ ಬದಲಾಯಿಸಬಹುದು, ಹಾಸನದಲ್ಲೂ ಚಿಕ್ಕಮಗಳೂರಿನಲ್ಲೂ ಅದನ್ನು ಮಾಡುವವರಿದ್ದಾರೆ. ಪಿಎಸ್5ನ ಚಿಪ್ಪಿನ ಮೇಲೆ ಶಾಖ ಸಾಗಿಸಲು ದ್ರವರೂಪದ ಲೋಹ ಹಾಕಿರುತ್ತಾರೆ. ತಿಳಿಯದವರು ತೆರೆದರೆ ಅದು ಹರಿದು ಬೋರ್ಡ್ ಶಾರ್ಟ್ ಆಗುವ ಸಾಧ್ಯತೆಯಿದೆ. ವಾರಂಟಿ ಇರುವಾಗ ಯಾರ ಕೈಗೂ ಕೊಡಬೇಡಿ. ಮುಗಿದ ಮೇಲೆ ಕೊಡುವುದಾದರೆ ಲಿಕ್ವಿಡ್ ಮೆಟಲ್ ಹೇಗೆ ನಿಭಾಯಿಸುತ್ತೀರಿ ಎಂದು ಕೇಳಿ, ಉತ್ತರಿಸಬಲ್ಲವರಿಗೇ ಕೊಡಿ.

ಇಷ್ಟೆಲ್ಲ ನೋಡಿದ ಮೇಲೆ, ಮೂಡಿಗೆರೆಯ ನಿಮ್ಮ ಮನೆಗೆ ಡಿಸ್ಕ್ ಡ್ರೈವ್ ಇರುವ ಪಿಎಸ್5 ಸರಿಯೆಂದು ನಾನು ಹೇಳುತ್ತೇನೆ. ಉಳಿಯುವ ಹಣದಲ್ಲಿ ಯುಪಿಎಸ್, ಎರಡು ಮೂರು ಹಳೆಯ ಡಿಸ್ಕ್, ತಮ್ಮ ರಜೆಗೆ ಬಂದಾಗ ಇಬ್ಬರೂ ಕೂತು ಆಡಲು ಇನ್ನೊಂದು ಕಂಟ್ರೋಲರ್ ಬರುತ್ತದೆ. ನಿಮ್ಮ 43 ಇಂಚಿನ ಟಿವಿಯನ್ನು ಬದಲಾಯಿಸುವ ಅಗತ್ಯವಿಲ್ಲ; ಅದರ ಸೆಟ್ಟಿಂಗ್ಸ್‌ನಲ್ಲಿ ಗೇಮ್ ಮೋಡ್ ಇದ್ದರೆ ಹಾಕಿಕೊಳ್ಳಿ, ಬಟನ್ ಒತ್ತಿದ್ದಕ್ಕೂ ಪರದೆಯ ಮೇಲೆ ಕಾಣುವುದಕ್ಕೂ ನಡುವಿನ ತಡ ಕಡಿಮೆಯಾಗುತ್ತದೆ.

ಈ ಸಲಹೆ ಒಂದು ಷರತ್ತಿನ ಮೇಲೆ ನಿಂತಿದೆ. ತಮ್ಮನ ಓದಿನ ಕಂಪ್ಯೂಟರಿಗೆ ಬೇರೆ ಹಣದ ವ್ಯವಸ್ಥೆ ಇರಬೇಕು. ಇಲ್ಲದಿದ್ದರೆ, ಈ 80,000ವೇ ಎಲ್ಲಕ್ಕೂ ಆಗಬೇಕೆಂದಾದರೆ, ಕನ್ಸೋಲ್ ಕೊಳ್ಳಬೇಡಿ. ಪ್ರತ್ಯೇಕ ಗ್ರಾಫಿಕ್ಸ್ ಚಿಪ್ ಇರುವ ಲ್ಯಾಪ್‌ಟಾಪ್ ತೆಗೆದುಕೊಂಡು ತಮ್ಮನ ಕೈಗೆ ಕೊಡಿ. ಅದರ ಬ್ಯಾಟರಿಯೇ ಯುಪಿಎಸ್ ಆಗಿರುತ್ತದೆ, ರಜೆಯಲ್ಲಿ ಮನೆಗೆ ತಂದಾಗ ಎಚ್‌ಡಿಎಂಐ ಕೇಬಲ್ ಹಾಕಿದರೆ ನಿಮ್ಮ ಟಿವಿಯಲ್ಲೇ ಆಡಬಹುದು. ಜಿಟಿಎ 6ಕ್ಕಾಗಿ ಮಾತ್ರ ನೀವು ಕಾಯಬೇಕಾಗುತ್ತದೆ, ಮತ್ತು ಶಿಕ್ಷಕರಾದ ನಿಮಗೆ ಅದು ದೊಡ್ಡ ತ್ಯಾಗವಾಗಿ ಕಾಣಲಾರದೆಂದು ನಂಬಿದ್ದೇನೆ.

ಯಾವ ದಾರಿ ಹಿಡಿದರೂ ಲ್ಯಾಪ್‌ಟಾಪನ್ನು ತಮ್ಮ ಕಾಲೇಜು ಸೇರಿ ಒಂದು ತಿಂಗಳಾಗುವವರೆಗೆ ಕೊಳ್ಳಬೇಡಿ. ಕಂಪ್ಯೂಟರ್ ಸೈನ್ಸ್‌ನವರಿಗೆ ರ್‍ಯಾಮ್ ಹೆಚ್ಚು ಬೇಕು, ಸಿವಿಲ್ ಮತ್ತು ಮೆಕ್ಯಾನಿಕಲ್‌ನವರಿಗೆ ಡ್ರಾಯಿಂಗ್ ಸಾಫ್ಟ್‌ವೇರ್‌ಗೆ ಗ್ರಾಫಿಕ್ಸ್ ಬೇಕು. ಅವನ ಸೀನಿಯರ್‌ಗಳನ್ನು ಕೇಳಿದರೆ ನನಗಿಂತ ಚೆನ್ನಾಗಿ ಹೇಳುತ್ತಾರೆ. ಕಚೇರಿಗಳಿಂದ ಬಂದ ಸೆಕೆಂಡ್ ಹ್ಯಾಂಡ್ ಯಂತ್ರಗಳನ್ನು ಅಗ್ಗಕ್ಕೆ ಕೊಡುತ್ತೇವೆಂದು ಯಾರಾದರೂ ಬಂದರೆ, ಪ್ರೊಸೆಸರ್ ಎಷ್ಟನೆಯ ತಲೆಮಾರಿನದು ಎಂದು ಮೊದಲು ಕೇಳಲಿ. ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್ ಸಾಮಾನ್ಯ ಬೆಂಬಲ ನಿಲ್ಲಿಸಿದ್ದು 2025ರ ಅಕ್ಟೋಬರ್ 14ರಂದು. ಎಂಟನೆಯ ತಲೆಮಾರಿಗಿಂತ ಹಳೆಯದಾದ ಇಂಟೆಲ್ ಪ್ರೊಸೆಸರ್‌ಗಳಲ್ಲಿ ಬಹುಪಾಲು ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ. ವಿಂಡೋಸ್ 11ರಲ್ಲಿ ವ್ಯಾಲರಂಟ್ ಓಡಬೇಕಾದರೆ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಭದ್ರತಾ ಸೌಲಭ್ಯಗಳೆರಡೂ ಚಾಲೂ ಇರಬೇಕು. ಅವನ ಹಾಸ್ಟೆಲ್ ಗೆಳೆಯರು ಮೊದಲ ವಾರದಲ್ಲೇ ಅವನನ್ನು ಆಟಕ್ಕೆ ಕರೆಯುವವರು. ಕೊಳ್ಳುವ ಮುನ್ನ ಅಂಗಡಿಯಲ್ಲೇ ಆನ್ ಮಾಡಿಸಿ ಈ ಎರಡನ್ನೂ ನೋಡಿಕೊಂಡು ಬರಲಿ.